ತೋಟದ ಮನೆಗೆ ಸದ್ದಿಲ್ಲದ ಜನರೇಟರ್: ಮೊದಲು ತಗೋಬೇಕಾದ್ದು ಸ್ವಿಚ್ಚು

ಹೋದ ವಾರ ಶೇಂಗಾ ಬಿತ್ತನೆ ಬೀಜದ ಫೋಟೋ ಹಾಕಿದ್ದೆ. ಬೀಜ ನೋಡಿದವರು ಕಮ್ಮಿ, ಹಿಂದೆ ಕಾಣ್ತಿದ್ದ ಹಳದಿ ಡಬ್ಬಿ ನೋಡಿದವರೇ ಜಾಸ್ತಿ. "ಅಣ್ಣ, ಜನರೇಟರ್ ಹಾಕಿಸಿದ್ಯಾ? ಎಷ್ಟು ಕೆವಿಎ? ಸೌಂಡ್ ಬರಲ್ವಾ?" ಅಂತ ಏಳೆಂಟು ಫೋನು ಬಂದ್ವು. ಒಬ್ಬೊಬ್ಬರಿಗೂ ಹೇಳೋ ಬದಲು ಇಲ್ಲೇ ಬರೀತೀನಿ. ಮಿಷಿನ್ ವಿಷಯಕ್ಕೆ ಹೋಗೋ ಮುಂಚೆ ನನ್ನ ಕೈಯಿಂದ ಆದ ಒಂದು ತಪ್ಪು ಹೇಳ್ಬೇಕು. ಅದನ್ನ ಬಿಟ್ಟು ಉಳಿದಿದ್ದು ಬರೆದ್ರೆ ನಿಮಗೆ ಉಪಯೋಗ ಇಲ್ಲ.

ನಮ್ಮ ಮನೆ ಇರೋದು ಹೊಲದಲ್ಲಿ, ನಾಯಕನಹಟ್ಟಿಯಿಂದ ಸ್ವಲ್ಪ ಆಚೆ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಲೈನ್ ಐತೆ. ನಾವು ಪಂಪ್‌ಸೆಟ್ ಲೈನಿನವರು. ಪಾಳಿ ಪ್ರಕಾರ ತ್ರೀ ಫೇಸು, ಮಿಕ್ಕ ಹೊತ್ತು ಸಿಂಗಲ್ ಫೇಸ್ ಬಂದ್ರೆ ಬಂತು. ಮೊದಲು ಇದು ದೊಡ್ಡ ವಿಷಯ ಆಗಿರ್ಲಿಲ್ಲ. ಕರೆಂಟ್ ಹೋದ್ರೆ ಮಂಚ ಎತ್ತಿ ಅಂಗಳಕ್ಕೆ ಹಾಕ್ಕೊಂಡು ಮಲಗ್ತಿದ್ವಿ. ಎರಡು ವರ್ಷದಿಂದ ನಮ್ಮಪ್ಪನಿಗೆ ಉಸಿರಾಟದ ತೊಂದರೆ. ನಲವತ್ತು ವರ್ಷದ ಬೀಡಿ, ಅದರ ಮೇಲೆ ಕಣದ ಧೂಳು. ದಿನಕ್ಕೆ ಹದಿನೈದು ಗಂಟೆಯಾದ್ರೂ ಆಕ್ಸಿಜನ್ ಬೇಕು ಅಂತ ಡಾಕ್ಟ್ರು ಹೇಳಿ, ಗಾಳಿಯಿಂದ ಆಕ್ಸಿಜನ್ ತೆಗೆಯೋ ಮಿಷಿನ್ ಮನೆಗೆ ಬಂತು. ಅದು ಎಳೆಯೋದು 350 ವ್ಯಾಟ್ ಅಷ್ಟೇ. ಆದ್ರೆ ನಿಲ್ಲಂಗಿಲ್ಲ.

ಮೊದಲು ಇನ್ವರ್ಟರ್ ಹಾಕಿಸಿದೆ. 150 ಎಎಚ್ ಬ್ಯಾಟ್ರಿ, 12 ವೋಲ್ಟ್. ಗುಣಿಸಿದ್ರೆ 1800, ನಷ್ಟ ಕಳೆದ್ರೆ ಸಾವಿರದ ಮುನ್ನೂರು ಚಿಲ್ರೆ ಉಳೀತದೆ. ಅಪ್ಪನ ಮಿಷಿನ್, ಒಂದು ಫ್ಯಾನ್, ಎರಡು ಲೈಟು ಸೇರಿದ್ರೆ ಮೂರು ಗಂಟೆ ಬರ್ತದೆ. ದಿನನಿತ್ಯದ ಕಟ್ಟಿಗೆ ಸಾಕು. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಕಂಬ ಬಿದ್ದು ರಾತ್ರಿಯೆಲ್ಲಾ ಹೋದ್ರೆ ಸಾಲಲ್ಲ. ಅಂಥ ರಾತ್ರಿಗೆ ಅಂತ ನಮ್ಮ ಭಾವಮೈದನ ಹತ್ರ ಒಂದು ಪೆಟ್ರೋಲ್ ಜನರೇಟರ್ ಇಸ್ಕೊಂಡು ಬಂದಿದ್ದೆ. ಸೂಟ್‌ಕೇಸ್ ತರ ಕೈಯಲ್ಲಿ ಎತ್ತಬಹುದು, ಸದ್ದು ಭಾರೀ ಕಮ್ಮಿ. ಅದನ್ನ ಮನೆಗೆ ಕೊಡ್ತಿದ್ದಿದ್ದು ಹೇಗೆ ಅಂದ್ರೆ, ಎರಡೂ ತುದಿಗೆ ಪಿನ್ ಇರೋ ವೈರು. ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಮನೆಯೆಲ್ಲಾ ಹತ್ತಿಕೊಳ್ತದೆ. ನಮ್ಮ ಕಡೆ ಎಷ್ಟೋ ಮನೇಲಿ ಈ ವೈರು ಐತೆ, ನನಗೆ ಗೊತ್ತು. ಮೈನ್ ಇಳಿಸಿ ಆಮೇಲೆ ಚುಚ್ಚಬೇಕು. ಪ್ರತೀ ಸಲ ಇಳಿಸ್ತಿದ್ದೆ.

ಹೋದ ವರ್ಷ ಮೇ ತಿಂಗಳ ಒಂದು ರಾತ್ರಿ ಇಳಿಸಲಿಲ್ಲ. ಬಿರುಗಾಳಿ, ಇನ್ವರ್ಟರ್ ಕುಯ್ಯೋ ಅಂತ ಐತೆ, ಕತ್ತಲಲ್ಲಿ ಅಪ್ಪ ಏದುಸಿರು ಬಿಡ್ತಾ ಕೂತವ್ರೆ. ಹಿತ್ತಲಲ್ಲಿ ಜನರೇಟರ್ ಎಳೆದೆ, ಪಿನ್ ಚುಚ್ಚಿದೆ, ಅಪ್ಪನ ಮಿಷಿನ್ ಶುರು ಆಯ್ತು. ನಾನು ಅಲ್ಲೇ ಕೂತು ನಿದ್ದೆ ಹೋದೆ.

ಗಾಳಿಗೆ ನಮ್ಮ ಮನೆ ಸರ್ವೀಸ್ ವೈರು ಕಂಬದ ಹತ್ರ ಸುಟ್ಟು ಕಿತ್ಕೊಂಡಿತ್ತು. ಲೈನಿಗೆ ತಾಗಿದ್ದಿದ್ರೆ ಸುತ್ತಲಿನ ಮನೆಗಳ ಲೋಡೆಲ್ಲಾ ಬಿದ್ದು ಆ ಸಣ್ಣ ಜನರೇಟರ್ ಆಗಲೇ ನಿಂತುಹೋಗ್ತಿತ್ತು. ಕಿತ್ಕೊಂಡಿದ್ದಕ್ಕೇ ರಾತ್ರಿಯಿಡೀ ನೆಮ್ಮದಿಯಾಗಿ ಓಡೈತೆ. ನಸುಕಿನಲ್ಲಿ ಲೈನ್‌ಮ್ಯಾನ್ ಬಂದವ್ನೆ. ಮೊಳಕಾಲ್ಮೂರು ಕಡೆಯ ಹುಡುಗ, ಹೊಸದಾಗಿ ಮದುವೆ ಆದೋನು. ಟಿಸಿ ಹತ್ರ ಫ್ಯೂಸ್ ಕಿತ್ತು, ಬೆಲ್ಟ್ ಕಟ್ಕೊಂಡು ಕಂಬ ಹತ್ತಿ, ಲೈನಿಗೆ ಟೆಸ್ಟರ್ ಹಿಡಿದು ನೋಡವ್ನೆ. ಲೈನ್ ಸತ್ತೈತೆ. ಮನೆ ಕಡೆಯಿಂದ ಜೋತಾಡ್ತಿರೋ ತುದಿಯಲ್ಲಿ ಕರೆಂಟ್ ಇರ್ತದೆ ಅಂತ ಯಾರು ಅಂದ್ಕೋತಾರೆ? ಕೈ ಹಾಕಿದ.

ಕೂಗು ಕೇಳಿ ಓಡಿ ಹೋದಾಗ ಬೆಲ್ಟಿಗೆ ಜೋತುಬಿದ್ದಿದ್ದ. ವೈರು ತಾನೇ ಕೈ ಬಿಟ್ಟಿತ್ತು, ಅದೇ ಉಳಿಸಿದ್ದು. ಇಳಿಸಿ ಕೂರಿಸಿದ್ವಿ. ಅಂಗೈ ಸುಟ್ಟಿತ್ತು, ತುಟಿ ಬೆಳ್ಳಗಾಗಿತ್ತು. ಬೈತಾನೆ ಅಂದ್ಕೊಂಡೆ, ಬೈಲಿಲ್ಲ. ನೀರು ಕುಡಿದು, ಕಿವಿಗೊಟ್ಟು ಕೇಳಿ, "ಅಣ್ಣ, ಹಿಂದೆ ಜನರೇಟರ್ ಓಡ್ತೈತಾ? ಸೌಂಡ್ ಬಂದಿದ್ರೆ ನಾನೇ ಕೂಗಿ ಆಫ್ ಮಾಡಿಸ್ತಿದ್ದೆ" ಅಂದ.

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಹಳೇ ಡಗಡಗ ಜನರೇಟರ್ ಆಗಿದ್ರೆ ಫರ್ಲಾಂಗ್ ದೂರಕ್ಕೆ ಕೇಳ್ತಿತ್ತು. ಸದ್ದು ಕಮ್ಮಿ ಆದಷ್ಟೂ ಕಂಬದ ಮೇಲಿರೋನಿಗೆ ಸುಳಿವು ಕಮ್ಮಿ. ಇನ್ನೊಂದು ವಿಷಯ. ಟಿಸಿ ಅನ್ನೋದು ಎರಡೂ ಕಡೆ ಕೆಲಸ ಮಾಡ್ತದೆ. 11,000 ವೋಲ್ಟ್ ಅನ್ನ ಮನೆ ವೋಲ್ಟಿಗೆ ಇಳಿಸೋ ಹಂಗೇ, ಮನೆ ಕಡೆಯಿಂದ ಹೋದ 230ನ್ನ ಹಿಂದಕ್ಕೆ ಸಾವಿರಗಟ್ಟಲೆ ವೋಲ್ಟಿಗೆ ಏರಿಸ್ತದೆ. ಎರಡು ಕಿಲೋಮೀಟರ್ ಆಚೆ ಮೇಲಿನ ಲೈನ್ ಕೆಲಸ ಮಾಡ್ತಿರೋನಿಗೂ ಅಪಾಯ. ಆ ವೈರನ್ನ ಅವತ್ತೇ ಕತ್ತರಿಸಿ ಒಲೆಗೆ ಹಾಕಿದೆ. (ಪ್ಲಾಸ್ಟಿಕ್ ಹೊಗೆಗೆ ಮನೆಯವಳ ಹತ್ರ ಬೈಸ್ಕೊಂಡೆ, ಅದು ಬೇರೆ.)

ಆಮೇಲೆ ಶುರುವಾಯ್ತು ಸರಿಯಾದ್ದನ್ನ ಹುಡುಕೋದು. ಚಳ್ಳಕೆರೆ, ಚಿತ್ರದುರ್ಗ ಎರಡೂ ಕಡೆ ವಿಚಾರಿಸಿದೆ. ಅಂಗಡಿಯವರು ಕೇಳೋದು "ಎಷ್ಟು ಎಕರೆ?" ಅಂತ, ಹದಿನೈದು ಕೆವಿಎ ತೋರಿಸ್ತಾರೆ. ಬೋರೂ ಓಡಿಸ್ಬೋದಲ್ಲ ಅಂತ ಆಸೆ ಹುಟ್ಟಿಸ್ತಾರೆ. ನಾನೂ ಒಂದು ವಾರ ಆಸೆಪಟ್ಟೆ. ಲೆಕ್ಕ ಹಾಕಿದೆ: ಏಳೂವರೆ ಎಚ್‌ಪಿ ಮೋಟ್ರು ಗಂಟೆಗೆ ಏಳು ಯೂನಿಟ್ ತಿಂತದೆ. ಒಂದು ಲೀಟರ್ ಡೀಸೆಲ್ಲಿಗೆ ಮೂರು ಯೂನಿಟ್ ಹುಟ್ಟಿದ್ರೆ ಹೆಚ್ಚು. ತೊಂಬತ್ತು ರೂಪಾಯಿ ಹಿಡಿದ್ರೂ ಗಂಟೆಗೆ ಇನ್ನೂರ ಹತ್ತು. ಆ ನೀರಲ್ಲಿ ಬೆಳೆದ ಈರುಳ್ಳಿ ಮಾರಿ ಡೀಸೆಲ್ ಸಾಲ ತೀರಿಸೋದು ನಮ್ಮ ಮಾರ್ಕೆಟ್ಟಲ್ಲಿ ಆಗೋ ಮಾತಲ್ಲ. ಗೃಹಜ್ಯೋತಿ ಬಂದ ಮೇಲೆ ಮನೆ ಯೂನಿಟ್ಟಿಗೆ ಬಿಲ್ಲೇ ಇಲ್ಲ, ಜನರೇಟರಿನ ಯೂನಿಟ್ಟು ಮೂವತ್ತು ರೂಪಾಯಿ. ಅದನ್ನ ಉಸಿರಿಗೆ ಮಾತ್ರ ಸುಡಬೇಕು, ಬೆಳೆಗಲ್ಲ.

ಮನೆ ಲೋಡು ಒಂದು ಚೀಟಿಯಲ್ಲಿ ಬರೆದೆ. ಅಪ್ಪನ ಮಿಷಿನ್ 350, ಫ್ರಿಜ್ 150, ಮೂರು ಫ್ಯಾನ್ 225, ಲೈಟು 100, ಟಿವಿ 100, ಮಿಕ್ಸಿ 750, ತೊಟ್ಟಿಯಿಂದ ಟ್ಯಾಂಕಿಗೆ ಏರಿಸೋ ಒಂದು ಎಚ್‌ಪಿ ಮೋಟ್ರು ಸುಮಾರು 1100. ಎಲ್ಲಾ ಒಟ್ಟಿಗೆ ಹಾಕಿದ್ರೂ 2800 ದಾಟಲ್ಲ. 5 ಕೆವಿಎ ಅಂದ್ರೆ 4000 ವ್ಯಾಟ್ ಅಂತ ಹಿಡೀರಿ, ಕೆವಿಎ ಅನ್ನ 0.8ರಿಂದ ಗುಣಿಸ್ಬೇಕು. ಮೋಟ್ರು, ಫ್ರಿಜ್ಜು ಶುರುವಾಗೋ ಕ್ಷಣದಲ್ಲಿ ಹಲವು ಪಟ್ಟು ಎಳೀತಾವೆ, ಮಿಕ್ಕಿದ್ದು ಅದಕ್ಕೆ. ದೊಡ್ಡದು ತಂದ್ರೆ ಒಳ್ಳೇದಲ್ವಾ ಅಂದ್ರೆ ಅಲ್ಲ. ಡೀಸೆಲ್ ಇಂಜಿನ್ನು ತೀರಾ ಕಮ್ಮಿ ಲೋಡಲ್ಲಿ ಗಂಟೆಗಟ್ಟಲೆ ಓಡಿದ್ರೆ ಪೂರ್ತಿ ಉರಿಯದೆ ಕಾರ್ಬನ್ ಕಟ್ತದೆ, ಸೈಲೆನ್ಸರ್ ಬಾಯಲ್ಲಿ ಕಪ್ಪು ಎಣ್ಣೆ ಜಿನುಗ್ತದೆ. ನನ್ನ 5 ಕೆವಿಎ ಕೂಡ ರಾತ್ರಿ ಹೊತ್ತು ಕಮ್ಮಿ ಲೋಡಲ್ಲೇ ಓಡ್ತದೆ. ಹಂಗಾಗಿ ಅದು ಶುರುವಾದ ತಕ್ಷಣ ಟ್ಯಾಂಕ್ ತುಂಬಿಸ್ಕೊಳ್ತೀವಿ, ಇನ್ವರ್ಟರ್ ಬ್ಯಾಟ್ರಿ ಚಾರ್ಜಿಗೆ ಬಿಡ್ತೀವಿ. ಎರಡು ಗಂಟೆ ಓಡಿಸೋದು, ನಿಲ್ಸೋದು, ಬ್ಯಾಟ್ರಿ ಮೇಲೆ ಇರೋದು.

ಈಗ ಸದ್ದು. "ಸೈಲೆಂಟ್" ಅಂತ ಬರೆದಿರೋದೆಲ್ಲಾ ಮೂಕ ಅಲ್ಲ. ಸಿಪಿಸಿಬಿ ನಿಯಮದಲ್ಲಿ ಡೀಸೆಲ್ ಜನರೇಟರ್ ಡಬ್ಬಿಯಿಂದ ಒಂದು ಮೀಟರ್ ದೂರಕ್ಕೆ 75 ಡೆಸಿಬಲ್ ಮೀರಬಾರದು ಅಂತ ಐತೆ. ಹೊಗೆಯ ಹೊಸ ನಿಯಮ 2023ರ ಜುಲೈನಿಂದ ಬಂದಿದೆ, ತಗೊಳ್ಳುವಾಗ ಡಬ್ಬಿ ಮೇಲಿನ ತಗಡಿನ ಚೀಟಿ ಓದಿ. 75 ಅಂದ್ರೆ ಪಕ್ಕದಲ್ಲಿ ನಿಂತು ಮಾತಾಡೋಕೆ ದನಿ ಎತ್ತಬೇಕು. ಬಯಲಲ್ಲಿ ದೂರ ಎರಡರಷ್ಟಾದಾಗೆಲ್ಲಾ ಸುಮಾರು ಆರು ಡೆಸಿಬಲ್ ಇಳೀತದೆ. ಎಂಟು ಮೀಟರಿಗೆ 57, ಹದಿನಾರಕ್ಕೆ 51. ದುಡ್ಡು ಕೊಟ್ಟು ಡಬ್ಬಿಗೆ ಡಬ್ಬಿ ಕಟ್ಟಿಸೋದಕ್ಕಿಂತ ಐವತ್ತು ಅಡಿ ಕೇಬಲ್ ಅಗ್ಗ. ನಾನು ಹದಿನೈದು ಮೀಟರ್ ಆಚೆ, ಮನೆಯ ಮೂಡಲಕ್ಕೆ ಇಡಿಸಿದೆ. ಆಷಾಢದ ಗಾಳಿ ಪಡುವಲಿಂದ ಬೀಸ್ತದೆ, ಹೊಗೆ ಮನೆ ಕಡೆ ತಿರುಗಬಾರದು. ಉಸಿರಾಟದ ರೋಗಿ ಇರೋ ಮನೆಗೆ ಹೊಗೆ ಬಿಟ್ಟು ಆಕ್ಸಿಜನ್ ಕೊಡೋದ್ರಲ್ಲಿ ಏನರ್ಥ? ಚಳಿ, ಮಳೆ ಅಂತ ಯಾರೂ ಒಳಗಿಟ್ಟು ಓಡಿಸ್ಬೇಡಿ, ಆ ಹೊಗೆಗೆ ವಾಸನೆ ಗೊತ್ತಾಗೋ ಮುಂಚೆ ಪ್ರಾಣ ಹೋಗ್ತದೆ. ಕಾಂಕ್ರೀಟ್ ಕಟ್ಟೆ, ಕೆಳಗೆ ರಬ್ಬರ್, ಮೇಲೆ ತಗಡು, ನಾಲ್ಕೂ ಕಡೆ ಬಯಲು. ಹುಲ್ಲಿನ ಬಣವೆಯಿಂದ ದೂರ.

ಎಲ್ಲಾದಕ್ಕಿಂತ ಜಗಳ ಆಗಿದ್ದು ಸ್ವಿಚ್ಚಿಗೆ. ನಾನು ಕೇಳಿದ್ದು ಮೂರು ಜಾಗದ ಚೇಂಜ್‌ಓವರ್: ಮೇಲೆ ಲೈನು, ನಡುವೆ ಆಫ್, ಕೆಳಗೆ ಜನರೇಟರ್. ಹಿಡಿ ಒಂದೇ, ಎರಡು ಕಡೆ ಒಟ್ಟಿಗೆ ಇರೋಕೆ ಸಾಧ್ಯವೇ ಇಲ್ಲ. ನಾನು ಮರೆತ್ರೂ ಅದು ಮರೆಯಲ್ಲ. ಎಲೆಕ್ಟ್ರೀಷಿಯನ್ "ಫೇಸ್ ಒಂದೇ ತಿರುಗಿಸಿದ್ರೆ ಸಾಕಣ್ಣ, ನ್ಯೂಟ್ರಲ್ ಸೇರಿಸಿ ಬಿಡಾಣ" ಅಂದ. ಆಗಲ್ಲ ಅಂದೆ. ನ್ಯೂಟ್ರಲ್ ದಾರಿ ತೆರೆದಿಟ್ರೆ ಮನೆಗೂ ಲೈನಿಗೂ ಸಂಬಂಧ ಪೂರ್ತಿ ಕಡಿಯೋದಿಲ್ಲ. ಎರಡು ಪೋಲ್ ಬೇಕೇ ಬೇಕು ಅಂತ ವಾಪಸ್ ಕಳಿಸಿ ತರಿಸಿದೆ. ಜನರೇಟರಿಗೆ ಬೇರೆ ಅರ್ಥಿಂಗ್ ಗುಂಡಿ ತೋಡಿಸಿದೆ, ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಅದಕ್ಕೆ. ತಾನೇ ಶುರುವಾಗೋ ಪ್ಯಾನಲ್ಲೂ ಸಿಗ್ತದೆ. ಅದು ಬೇಡ ಅಂದೆ, ಹೇಗೂ ಮೂರು ಗಂಟೆ ಇನ್ವರ್ಟರ್ ಐತೆ, ಎದ್ದು ಹೋಗಿ ತಿರುಗಿಸೋಕೆ ಟೈಮ್ ಸಿಗ್ತದೆ.

ಒಂದು ಕೆಂಪು ಬಲ್ಬು ಹೊರಗೋಡೆಗೆ, ಕಂಬದ ಕಡೆ ಮುಖ ಮಾಡಿ ಹಾಕಿಸಿದೀನಿ. ಜನರೇಟರ್ ಓಡ್ತಿದ್ರೆ ಮಾತ್ರ ಉರೀತದೆ. ಇದು ಯಾವ ಅಂಗಡಿಯವರೂ ಹೇಳಲಿಲ್ಲ, ಅರವತ್ತು ರೂಪಾಯಿ ಬಲ್ಬು. ವೈರು ಹರಿದು ಬಿದ್ದಿದ್ರೆ ನೀವೇ ಕೋಲು ತಗೊಂಡು ಹೋಗ್ಬೇಡಿ, 1912ಕ್ಕೆ ಫೋನ್ ಮಾಡಿ. ಮಾಡುವಾಗ ನಮ್ಮ ಮನೇಲಿ ಜನರೇಟರ್ ಐತೆ ಅಂತಲೂ ಹೇಳಿ.

ಖರ್ಚು ಕೇಳಿದವರಿಗೆ: ಕಟ್ಟೆ, ಕೇಬಲ್, ಸ್ವಿಚ್ಚು ಎಲ್ಲಾ ಸೇರಿ ಒಂದು ಜೊತೆ ಒಳ್ಳೆ ಎತ್ತಿನ ದುಡ್ಡು ದಾಟಿತು. ಸ್ವಿಚ್ಚಿನ ಪಾಲು ಅದರಲ್ಲಿ ಎತ್ತಿನ ಮೂಗುದಾರದಷ್ಟು. ಗಂಟೆಗೆ ಮುಕ್ಕಾಲು ಲೀಟರ್ ಹತ್ರ ಕುಡೀತದೆ. ಶೇಂಗಾ ಬಿಡಿಸೋ ಕಾಲದಲ್ಲಿ ಏರ್ ಫಿಲ್ಟರ್ ವಾರಕ್ಕೊಮ್ಮೆ ಬಿಚ್ಚಿ ಕೊಡವಬೇಕು, ಕೆಂಪು ಧೂಳು ಗಟ್ಟಿಯಾಗಿ ಕೂರ್ತದೆ. ಇಲಿ ವೈರು ಕಡಿದದ್ದು ಒಂದು ಸಲ ಆಯ್ತು. ಸುಮ್ನೆ ನಿಲ್ಸಿದ್ರೆ ಬ್ಯಾಟ್ರಿ ಸಾಯ್ತದೆ ಅಂತ ಸೋಮವಾರ ಸೋಮವಾರ ಹದಿನೈದು ನಿಮಿಷ ಲೋಡ್ ಹಾಕಿ ಓಡಿಸ್ತೀನಿ. ಅವತ್ತು ಎತ್ತು ಹೂಡಲ್ಲ, ಇದನ್ನ ಹೂಡೋದು.

ಆ ಹುಡುಗನ ಕೈ ವಾಸಿಯಾಗಿದೆ. ಆಸ್ಪತ್ರೆ ಖರ್ಚು ನಾನು ಕೊಟ್ಟೆ, ಬೇಡ ಅಂದ, ಅವನ ಹೆಂಡತಿ ಕೈಗೆ ಕೊಟ್ಟು ಬಂದೆ. ಈಗ್ಲೂ ನಮ್ಮ ಲೈನಿಗೆ ಬಂದ್ರೆ ಕೆಂಪು ಬಲ್ಬು ನೋಡ್ತಾನೆ, ಸ್ವಿಚ್ಚಿನ ಹಿಡಿ ನೋಡ್ತಾನೆ. ಅಷ್ಟಾದ್ರೂ ಕಂಬ ಹತ್ತೋ ಮುಂಚೆ ಮೂಡಲಕ್ಕೆ ನಡ್ಕೊಂಡು ಹೋಗಿ ಹಳದಿ ಡಬ್ಬಿ ಮೇಲೆ ಅಂಗೈ ಇಟ್ಟು, ನಡುಗ್ತೈತಾ ಅಂತ ನೋಡ್ಕೊಂಡೇ ಹೋಗೋದು. ನಾನು ಏನೂ ಅನ್ನಲ್ಲ.

ಸ್ವಿಚ್ಚಿನ ವೈರಿಂಗ್ ನೋಡಬೇಕು ಅನ್ನೋರು ಸೋಮವಾರ ಬೆಳಿಗ್ಗೆ ಬನ್ನಿ, ಓಡಿಸೋ ಹೊತ್ತಿಗೆ ತೋರಿಸ್ತೀನಿ.