ಹೆಸರು ಕೇಳದೆ ತೆಗೆದ ಫೋಟೋ

ನೀವೂ ಆ ಫೋಟೋ ಎಲ್ಲಾದರೂ ನೋಡಿರುತ್ತೀರಿ. ಡೇರೆಯ ಬಾಯಲ್ಲಿ ಕೂತ ಒಬ್ಬ ಹೆಂಗಸು. ಎರಡು ಮಕ್ಕಳು ಅವಳ ಹೆಗಲಿಗೆ ಒರಗಿ ಮುಖ ಆ ಕಡೆ ತಿರುಗಿಸಿಕೊಂಡಿವೆ. ಮಡಿಲಲ್ಲಿ ಹಸುಗೂಸು, ಅದರ ಮುಖವೆಲ್ಲ ಕೊಳೆ. ಅವಳ ರವಿಕೆಯ ತೋಳು ಹರಿದು ಎಳೆ ಎಳೆ ಬಿಟ್ಟಿದೆ. ಕೈ ಗದ್ದದ ಹತ್ತಿರ, ನೋಟ ಎಲ್ಲೋ ದೂರ. ಗಂಡಸರು ಇದನ್ನು ನೋಡಿದರೆ 'ಬಡತನ' ಅಂತಾರೆ. ನಮ್ಮಂಥವರಿಗೆ ಕಾಣುವುದು ರಾತ್ರಿಗೆ ಮಕ್ಕಳ ಮುಂದೆ ಏನಿಡಲಿ ಎನ್ನುವ ಲೆಕ್ಕ.

ಅದು 1936ರ ಮಾರ್ಚ್ ತಿಂಗಳು, ಅಮೆರಿಕದ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬ ಊರು. ಆರ್ಥಿಕ ಮುಗ್ಗಟ್ಟಿನ ವರ್ಷಗಳು. ಮನೆ, ಹೊಲ ಕಳೆದುಕೊಂಡ ಸಾವಿರಾರು ಸಂಸಾರಗಳು ಹಳೇ ಕಾರುಗಳಲ್ಲಿ ಪಾತ್ರೆ, ಹಾಸಿಗೆ ತುಂಬಿಕೊಂಡು, ಎಲ್ಲಿ ಕೊಯ್ಲಿದೆಯೋ ಅಲ್ಲಿ ಡೇರೆ ಹಾಕುತ್ತಿದ್ದವು. ನಿಪೋಮೋಗೆ ಬಂದದ್ದು ಬಟಾಣಿ ಬಿಡಿಸಲು. ನಮಗೆ ಬಟಾಣಿ ಅಂದರೆ ಸಾಗು, ಪಲಾವು. ಅವರಿಗೆ ಅದೇ ಅವತ್ತಿನ ಅನ್ನ. ಆ ವರ್ಷ ಕೊರೆಯುವ ಮಳೆಗೆ ಬೆಳೆ ಹಾಳಾಗಿ, ಬಂದವರೆಲ್ಲ ಕೆಲಸವಿಲ್ಲದೆ ಕೂತಿದ್ದರು.

ಫೋಟೋ ತೆಗೆದದ್ದೂ ಒಬ್ಬ ಹೆಂಗಸೇ, ಡೊರೊಥಿಯಾ ಲ್ಯಾಂಗ್. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಕುಂಟುತ್ತಿದ್ದಾಕೆ, ಎರಡು ಮಕ್ಕಳ ತಾಯಿ. ಸರ್ಕಾರದ ಕೆಲಸದ ಮೇಲೆ ಊರೂರು ಸುತ್ತಿ ದಣಿದು ಮನೆಗೆ ಹೊರಟಿದ್ದರು. ದಾರಿಯಲ್ಲಿ ಬಟಾಣಿ ಕೂಲಿಗಳ ಬಿಡಾರದ ಬೋರ್ಡು ಕಂಡರೂ, ಸಾಕಪ್ಪ ಎಂದು ಮುಂದೆ ಹೋಗಿಬಿಟ್ಟರು. ಇಪ್ಪತ್ತು ಮೈಲಿ ಹೋದ ಮೇಲೆ ಮನಸ್ಸು ತಡೆಯಲಾರದೆ ಕಾರು ತಿರುಗಿಸಿದರಂತೆ. ಬಿಡಾರದಲ್ಲಿ ಇದ್ದದ್ದು ಹತ್ತೇ ನಿಮಿಷ. ವಯಸ್ಸು ಕೇಳಿದರು, ಮೂವತ್ತೆರಡು ಅಂದಳು. ಹೆಸರು ಕೇಳಲಿಲ್ಲ, ಹಾಗಂತ ಲ್ಯಾಂಗ್ ಅವರೇ 1960ರಲ್ಲಿ ಬರೆದುಕೊಂಡಿದ್ದಾರೆ.

ಫೋಟೋ ಪತ್ರಿಕೆಯಲ್ಲಿ ಬಂದದ್ದೇ ತಡ, ಸರ್ಕಾರ ಆ ಬಿಡಾರಕ್ಕೆ 20,000 ಪೌಂಡು, ಅಂದರೆ ಸುಮಾರು 9 ಟನ್ ದಿನಸಿ ಕಳಿಸಿತು. ಅಷ್ಟರಲ್ಲಿ ಕೆಟ್ಟಿದ್ದ ಕಾರು ರಿಪೇರಿಯಾಗಿ, ಫೋಟೋದ ತಾಯಿ ಮಕ್ಕಳೊಂದಿಗೆ ಮುಂದಿನ ಊರಿಗೆ ಹೊರಟುಹೋಗಿದ್ದಳು. ಯಾರ ಮುಖ ನೋಡಿ ಊಟ ಬಂತೋ ಅವಳಿಗೇ ಒಂದು ತುತ್ತೂ ದಕ್ಕಲಿಲ್ಲ.

ಹೆಸರು ಗೊತ್ತಾದದ್ದು ನಲವತ್ತೆರಡು ವರ್ಷದ ಮೇಲೆ, 1978ರಲ್ಲಿ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನಾಂಗದವರು. 1931ರಲ್ಲಿ ಗಂಡ ಕ್ಷಯದಿಂದ ತೀರಿಕೊಂಡಾಗ ಐದು ಮಕ್ಕಳು, ಆರನೆಯದು ಹೊಟ್ಟೆಯಲ್ಲಿ. ಬೆಳಕು ಹರಿಯುವ ಮುಂಚೆ ಹತ್ತಿ ಹೊಲಕ್ಕೆ ಹೋದರೆ ಕಣ್ಣು ಕಾಣದಷ್ಟು ಕತ್ತಲಾಗುವ ತನಕ ಬಿಡಿಸುತ್ತಿದ್ದೆ ಎಂದು ಆಕೆ ಹೇಳಿಕೊಂಡಿದ್ದಾರೆ. ಫೋಟೋದಲ್ಲಿ ಇದ್ಯಾವುದೂ ಇಲ್ಲ. ಅಲ್ಲಿರುವುದು ಕೈಚೆಲ್ಲಿ ಕೂತ ಒಂದು ಗಳಿಗೆ ಮಾತ್ರ. ಹೆತ್ತವಳು ಜೀವಮಾನವೆಲ್ಲ ದುಡಿದರೂ ಜಗತ್ತು ಅವಳನ್ನು ಆ ಒಂದು ಗಳಿಗೆಯಿಂದಲೇ ಗುರುತಿಸಿತಲ್ಲ, ಅದು ನನಗೆ ಚುಚ್ಚುತ್ತದೆ.

ಆಕೆಗೂ ಚುಚ್ಚಿತ್ತು. ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ನನಗೆ ಒಂದು ಕಾಸೂ ಬರಲಿಲ್ಲ ಎಂದರು. ಲ್ಯಾಂಗ್ ಅವರಿಗೂ ಅದರಿಂದ ಬಂದದ್ದು ಸಂಬಳವಷ್ಟೇ ಅನ್ನಿ, ಫೋಟೋ ಸರ್ಕಾರದ್ದು. ಮಕ್ಕಳಿಗಂತೂ ಆಗ ನಾಚಿಕೆ. ಅದು ನಾವೇ ಎಂದು ಯಾರಿಗೂ ತಿಳಿಯದಿರಲಿ ಅಂತ ಇದ್ದರಂತೆ.

ನನ್ನ ಓರಗಿತ್ತಿ ಇದನ್ನೆಲ್ಲ ಕೇಳಿ, "ಹೆಸರು ಕೇಳಿ ಏನಾಗಬೇಕಿತ್ತಕ್ಕ? ಫೋಟೋ ನೋಡಿ ಅಷ್ಟು ಜನಕ್ಕೆ ಊಟ ಸಿಕ್ತಲ್ಲ" ಅಂದಳು. ಮಾತು ಸುಳ್ಳಲ್ಲ. ಲ್ಯಾಂಗ್ ಕಾರು ತಿರುಗಿಸದಿದ್ದರೆ ಆ ದಿನಸಿಯೂ ಬರುತ್ತಿರಲಿಲ್ಲ. ಆದರೂ ನಮ್ಮ ಬಾಗಿಲಿಗೆ ಬಂದ ಪಾತ್ರೆಯವಳನ್ನೂ ನಾವು "ಯಾವೂರಮ್ಮ, ಏನು ಹೆಸರು" ಅಂತ ಕೇಳುತ್ತೇವೆ. ಹೆಸರಿದ್ದಿದ್ದರೆ ಸರ್ಕಾರ ಅವಳನ್ನು ಹುಡುಕಿಕೊಂಡು ಹೋಗಬಹುದಿತ್ತೇನೋ.

ಹೆಸರಿನ ಬೆಲೆ ಏನು ಅಂತ 1983ರಲ್ಲಿ ಗೊತ್ತಾಯಿತು. ಫ್ಲಾರೆನ್ಸ್ ಕ್ಯಾನ್ಸರ್ ಹಾಗೂ ಪಾರ್ಶ್ವವಾಯುವಿನಿಂದ ಮಲಗಿದಾಗ ಮಕ್ಕಳು ಸಹಾಯ ಕೇಳಿದರು. ಈ ಸಲ ಯಾರು, ಎಲ್ಲಿ ಅಂತ ಜನಕ್ಕೆ ತಿಳಿದಿತ್ತು. ಸುಮಾರು 35,000 ಡಾಲರ್ ಬಂತು. ಅದೇ ಸೆಪ್ಟೆಂಬರಿನಲ್ಲಿ ಆಕೆ ತೀರಿಕೊಂಡರು. ಮಕ್ಕಳು ಅದಕ್ಕೂ ಮುಂಚೆಯೇ ಒಂದು ಮನೆ ಕೊಂಡುಕೊಟ್ಟಿದ್ದರು. ಆಕೆಗೆ ಅದು ಒಗ್ಗದೆ, ಚಕ್ರದ ಮನೆಗೇ ವಾಪಸು ಹೋದರಂತೆ!

ಅದೇ 1983ರಲ್ಲಿ ಮೇರಿ ಎಲೆನ್ ಮಾರ್ಕ್ ಎಂಬ ಇನ್ನೊಬ್ಬಾಕೆ ಸಿಯಾಟಲ್ ನಗರದಲ್ಲಿ ಬೀದಿಪಾಲಾದ ಮಕ್ಕಳ ಫೋಟೋ ತೆಗೆಯುತ್ತಿದ್ದರು. ಅವರಲ್ಲಿ ಟೈನಿ ಎಂಬ ಹದಿಮೂರರ ಹುಡುಗಿ. ಒಡವೆ ಬೇಕು, ಕುದುರೆ ಬೇಕು ಎನ್ನುತ್ತಿದ್ದವಳು. ನಮ್ಮ ಜೊತೆ ನ್ಯೂಯಾರ್ಕಿಗೆ ಬಂದು ಇರು, ಆದರೆ ಸ್ಕೂಲಿಗೆ ಹೋಗಬೇಕು ಎಂದರು ಮಾರ್ಕ್ ದಂಪತಿ. ಸ್ಕೂಲು ಅಂದ ತಕ್ಷಣ ಒಲ್ಲೆ ಅಂದಳು ಹುಡುಗಿ. ಮಾರ್ಕ್ ಬಿಡಲಿಲ್ಲ. ಮೂವತ್ತು ವರ್ಷ ಮತ್ತೆ ಮತ್ತೆ ಹೋದರು, ಅವಳ ಮಾತು ಕೇಳಿದರು, ಫೋಟೋ ತೆಗೆದರು. 2015ರಲ್ಲಿ ಮಾರ್ಕ್ ತೀರಿಕೊಳ್ಳುವ ಹೊತ್ತಿಗೆ ಟೈನಿ ಹತ್ತು ಮಕ್ಕಳ ತಾಯಿ. ಆ ಮಕ್ಕಳ ಫೋಟೋಗಳೂ ಪುಸ್ತಕದಲ್ಲಿವೆ, ಹೆಸರಿನ ಸಮೇತ.