ತೆಂಗಿನ ಸೀಮೆಯಲ್ಲಿ ಹೂದೋಟದ ಪ್ರಬಂಧ

ಹೂದೋಟವನ್ನು ಕುರಿತ ಇಂಗ್ಲಿಷ್ ಪ್ರಬಂಧವೊಂದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ವಿದ್ಯಾರ್ಥಿಗಳಿಗೆ ಓದಿಸಹೊರಟ ಅಧ್ಯಾಪಕರು ಸಾಮಾನ್ಯವಾಗಿ ಅದರ ಕಷ್ಟವನ್ನು ಪದಗಳಲ್ಲಿ ಹುಡುಕುತ್ತಾರೆ. ಡ್ಯಾಫೊಡಿಲ್, ಕ್ರೋಕಸ್, ಲಾನ್ ಮುಂತಾದ ಮಾತುಗಳಿಗೆ ಕಪ್ಪುಹಲಗೆಯ ಮೇಲೆ ಅರ್ಥ ಬರೆದು, ಮಕ್ಕಳಿಂದ ಅದನ್ನು ನೋಟ್‌ಬುಕ್ಕಿಗೆ ಇಳಿಸಿದರೆ ಪಾಠದ ಮುಕ್ಕಾಲು ಪಾಲು ಮುಗಿಯಿತೆಂದು ಭಾವಿಸುತ್ತಾರೆ. ತೊಡಕು ಇರುವುದು ಅಲ್ಲಲ್ಲ. ಗಿಡ, ಮಣ್ಣು, ನೀರುಗಳ ವಿಚಾರದಲ್ಲಿ ಈ ಮಕ್ಕಳಿಗೆ ತಿಳಿದಿರುವಷ್ಟು ಅನೇಕ ವೇಳೆ ಪ್ರಬಂಧಕಾರನಿಗೇ ತಿಳಿದಿರುವುದಿಲ್ಲ. ಅವರ ಕಿವಿಗೆ ಬೀಳದೆ ಹೋಗುವುದು ಆ ಬರಹದೊಳಗೆ ಕುಳಿತು ಮಾತನಾಡುತ್ತಿರುವವನ ದನಿ, ಮತ್ತು ಲಲಿತ ಪ್ರಬಂಧವೆಂಬ ಪ್ರಕಾರದ ಜೀವ ಇರುವುದೇ ಆ ದನಿಯಲ್ಲಿ. ಫ್ರಾನ್ಸಿನ ಮೊಂತೇನ್ 1580ರಲ್ಲಿ ತನ್ನ ಪ್ರಬಂಧಗಳನ್ನು ಪ್ರಕಟಿಸಿದಂದಿನಿಂದ ಈ ಪ್ರಕಾರ ಹೇಳುವ ವಸ್ತುವಿಗಿಂತ ಹೇಳುವವನ ಸ್ವಭಾವವನ್ನೇ ಹೆಚ್ಚಾಗಿ ನೆಚ್ಚಿಕೊಂಡು ಬಂದಿದೆ.

ಮಕ್ಕಳಿಗೆ ತಿಳಿದಿರುವುದು ಅಲ್ಪವೇನಲ್ಲ. ತೆಂಗಿನ ಮರ ವರ್ಷಕ್ಕೆ ಸುಮಾರು 12 ಗರಿಗಳನ್ನು ಬಿಡುತ್ತದೆ, ಒಂದೊಂದು ಗರಿಯ ಬುಡದಲ್ಲೂ ಹೊಂಬಾಳೆ ಹುಟ್ಟುತ್ತದೆ, ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯುವುದಕ್ಕೆ ಮತ್ತೆ ಸುಮಾರು 12 ತಿಂಗಳು ಹಿಡಿಯುತ್ತದೆ. ಹೀಗಾಗಿ ಒಂದೇ ಮರದಲ್ಲಿ ಏಕಕಾಲಕ್ಕೆ ಹೊಂಬಾಳೆ, ಕುರುಂಬೆ, ಎಳನೀರು, ಬಲಿತ ಕಾಯಿ ಎಲ್ಲವೂ ಇರುತ್ತವೆಂಬುದನ್ನು ಈ ಸೀಮೆಯ ಹತ್ತು ವರ್ಷದ ಹುಡುಗಿಯೂ ತಲೆಯೆತ್ತಿ ನೋಡಿಯೇ ಬಲ್ಲಳು. ನುಸಿ ರೋಗ ತಗುಲಿದ ಕಾಯಿಯ ಸಿಪ್ಪೆ ಹೇಗೆ ಕಂದಿ ಬಿರಿಯುತ್ತದೆ, ಕಾಂಡ ಸೋರುವ ರೋಗದ ಮರದಿಂದ ಎಂಥ ರಸ ಒಸರುತ್ತದೆ ಎಂಬುದೂ ಅವಳಿಗೆ ಗೊತ್ತು. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗುವವರೆಗೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಕಾದು, ಅಲ್ಲಾಡಿಸಿದಾಗ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಸದ್ದು ಕೇಳಿದ ಮೇಲೆ ಸುಲಿದು ಒಡೆದರೆ ಸಿಗುವ ಇಡಿಯಾದ ಗಿಟುಕಿಗೆ ಉಂಡೆ ಕೊಬ್ಬರಿ ಎನ್ನುತ್ತಾರೆ. ತಿಪಟೂರಿನ ಮಾರುಕಟ್ಟೆಗೆ ದೇಶದಲ್ಲೆಲ್ಲ ಹೆಸರು ಬಂದಿರುವುದು ಅದರಿಂದಲೇ. ಕಾಯುವುದು ಎಂದರೇನೆಂದು ಬಲ್ಲ ಇಂಥ ಮಕ್ಕಳನ್ನು ಇಂಗ್ಲಿಷ್ ತರಗತಿಯಲ್ಲಿ ಏನೂ ತಿಳಿಯದವರಂತೆ ಕೂರಿಸುವುದು ದೊಡ್ಡ ನಷ್ಟ.

ಓದುಗನು ತನ್ನೊಂದಿಗೆ ತರುವ ಇಂಥ ತಿಳಿವಳಿಕೆಯನ್ನು ಶಿಕ್ಷಣಶಾಸ್ತ್ರದಲ್ಲಿ ಪೂರ್ವಜ್ಞಾನ ಎನ್ನುತ್ತಾರೆ. ಅದು ಓದಿಗೆ ನೆರವಾಗುವಂತೆಯೇ ದಾರಿಯನ್ನೂ ತಪ್ಪಿಸಬಲ್ಲದೆಂಬುದಕ್ಕೆ ಸ್ಟೆಫೆನ್‌ಸನ್, ಜೋಗ್‌ದೇವ್, ಆಂಡರ್‌ಸನ್ ಎಂಬ ಮೂವರು ಸಂಶೋಧಕರು 1979ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ನಿದರ್ಶನ. ಭಾರತದ ಮದುವೆಯೊಂದನ್ನೂ ಅಮೆರಿಕದ ಮದುವೆಯೊಂದನ್ನೂ ವರ್ಣಿಸುವ ಎರಡು ಪತ್ರಗಳನ್ನು ಎರಡೂ ದೇಶದವರಿಗೆ ಓದಲು ಕೊಟ್ಟಾಗ, ತಮ್ಮ ಕಡೆಯ ಮದುವೆಯ ಪತ್ರವನ್ನು ಅವರು ಬೇಗ ಓದಿದರು, ಹೆಚ್ಚು ನೆನಪಿಟ್ಟುಕೊಂಡರು. ಇನ್ನೊಂದನ್ನು ನೆನಪಿಸಿಕೊಳ್ಳುವಾಗ ತಮ್ಮ ರೂಢಿಗೆ ತಕ್ಕಂತೆ ತಿರುಚಿಕೊಂಡರು. ಅಜ್ಜಿಯ ಮದುವೆಯ ಉಡುಪನ್ನು ವಧು ತೊಟ್ಟಿದ್ದು ಅಮೆರಿಕದವರಿಗೆ ಹೆಮ್ಮೆಯ ಸಂಗತಿಯಾದರೆ, ಭಾರತೀಯ ಓದುಗರೊಬ್ಬರಿಗೆ ಅದು ಹಳತಾದ, ಕಾಲಕ್ಕೆ ಹೊಂದದ ಬಟ್ಟೆಯಾಗಿ ಕಂಡಿತು. ಅಲ್ಲಿ ಒಂದು ಪದದ ಅರ್ಥವೂ ತಪ್ಪಿರಲಿಲ್ಲ, ತಪ್ಪಿದ್ದು ಭಾವ.

ತೆಂಗಿನ ಸೀಮೆಯಲ್ಲಿ ಹೂದೋಟದ ಪ್ರಬಂಧಕ್ಕೂ ಇದೇ ಆಗುತ್ತದೆ. ರೋಬಾಟ್ ಎಂಬ ಮಾತನ್ನು ತನ್ನ ನಾಟಕದ ಮೂಲಕ ಜಗತ್ತಿಗೆ ಕೊಟ್ಟ ಚೆಕ್ ಲೇಖಕ ಕರೆಲ್ ಚಾಪೆಕ್ 1929ರಲ್ಲಿ ಪ್ರಕಟಿಸಿದ, 1931ರಲ್ಲಿ ಇಂಗ್ಲಿಷಿಗೆ ‘ದಿ ಗಾರ್ಡನರ್ಸ್ ಇಯರ್’ ಎಂಬ ಹೆಸರಿನಲ್ಲಿ ಬಂದ ಪುಸ್ತಕವನ್ನು ಉದಾಹರಣೆಯಾಗಿ ನೋಡಬಹುದು. ತಿಂಗಳಿನಿಂದ ತಿಂಗಳಿಗೆ ಸಾಗುವ ಆ ಬರಹದಲ್ಲಿ ತೋಟಗಾರ ಹಿಮವನ್ನು ದೂರುತ್ತಾನೆ, ಮಳೆ ಬಾರದಿದ್ದರೆ ಕಳವಳಪಡುತ್ತಾನೆ, ನೀರಿನ ಕೊಳವೆಯೊಡನೆ ಹೋರಾಡುತ್ತಾನೆ. ಅವನು ಬೆಳೆದದ್ದರಲ್ಲಿ ಮಾರುಕಟ್ಟೆಗೆ ಹೋಗುವಂಥದ್ದು ಏನೂ ಇಲ್ಲ. ಇತ್ತ, 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದು ಸಾಕೇ ಸಾಲದೇ ಎಂಬ ಮಾತು ಊಟದ ಹೊತ್ತಿನಲ್ಲೂ ನಡೆದಿದ್ದ ಮನೆಯಿಂದ ಬಂದ ವಿದ್ಯಾರ್ಥಿಗೆ ತೋಟವೆಂದರೆ ಸಾಲ, ಬೋರ್‌ವೆಲ್, ಅಕ್ಕನ ಮದುವೆ, ತಮ್ಮನ ಫೀಸು. ಬದುಕಿನ ಭಾರವೆಲ್ಲ ತೋಟದ ಮೇಲಿರುವಾಗ ಅದರ ಬಗೆಗಿನ ದೂರು ನಿಜವಾದ ದೂರೇ ಆಗಿರುತ್ತದೆ. ಆದ್ದರಿಂದ ಚಾಪೆಕ್‌ನ ಗೊಣಗಾಟವನ್ನೂ ವಿದ್ಯಾರ್ಥಿ ನಿಜವಾದ ಸಂಕಟವೆಂದೇ ಓದುತ್ತಾನೆ, ಆ ಉತ್ಪ್ರೇಕ್ಷೆಯ ಹಿಂದಿನ ಪ್ರೀತಿ ಅವನಿಗೆ ತಲುಪುವುದಿಲ್ಲ.

ಹಾಗೆಂದು ಅಂಥ ಪ್ರೀತಿ ಈ ಸೀಮೆಗೆ ಹೊಸದಲ್ಲ, ಅದು ಇರುವ ಜಾಗ ಬೇರೆ. ಬಚ್ಚಲ ನೀರು ಹರಿಯುವ ಹಿತ್ತಿಲಿನಲ್ಲಿ ಅಜ್ಜಿಯೋ ಅತ್ತೆಯೋ ಬೆಳೆಸಿದ ಕರಿಬೇವು, ದೊಡ್ಡಪತ್ರೆ, ಕನಕಾಂಬರ, ಒಡೆದ ಬಿಂದಿಗೆಯಲ್ಲಿ ನೆಟ್ಟ ಸೇವಂತಿಗೆಗಳಿಗೆ ಲೆಕ್ಕಪುಸ್ತಕದಲ್ಲಿ ಸ್ಥಾನವಿಲ್ಲ, ಕೊಳ್ಳುವವರೂ ಇಲ್ಲ. ಪಕ್ಕದ ಮನೆಯಿಂದ ಕಡ್ಡಿ ಬೇಡಿ ತಂದು ನೆಡುವುದು, ಮೇಕೆ ಮೇಯ್ದು ಹೋದರೆ ದಿನವಿಡೀ ಬೈಯುವುದು, ಮೊಗ್ಗು ಬಿಟ್ಟರೆ ಕರೆದು ತೋರಿಸುವುದು, ಇವೆಲ್ಲ ಇಂಗ್ಲಿಷ್ ಪ್ರಬಂಧದ ತೋಟಗಾರನ ನಡವಳಿಕೆಯೇ. ಅಧ್ಯಾಪಕರು ತೆಂಗಿನ ತೋಟದಿಂದ ಮಾತು ಆರಂಭಿಸದೆ ಈ ಹಿತ್ತಿಲಿನಿಂದ ಆರಂಭಿಸಿದರೆ, ಗೊಣಗಾಟದೊಳಗೆ ಅಕ್ಕರೆ ಹೇಗೆ ಅಡಗಿರುತ್ತದೆಂಬುದನ್ನು ವಿವರಿಸಬೇಕಾದ ಪ್ರಮೇಯವೇ ಬರುವುದಿಲ್ಲ. ದೊಡ್ಡ ತೋಟದ ಅನುಭವ ಆಮೇಲೆ ತಾನಾಗಿಯೇ ನೆರವಿಗೆ ಬರುತ್ತದೆ: ಹೂವಿಗಿಂತ ಮಣ್ಣಿನ ಮೇಲೆಯೇ ಮೋಹ ಹೆಚ್ಚಾದ ಚಾಪೆಕ್‌ನ ತೋಟಗಾರನನ್ನು, ಬೇಸಿಗೆಯಲ್ಲಿ ಕೆರೆಗೋಡು ಹೊಡೆಸಿ ಮರದ ಪಾತಿಗೆ ಹರಡುವವರ ಮಕ್ಕಳಿಗಿಂತ ಚೆನ್ನಾಗಿ ಯಾರು ಅರಿತಾರು?

ಹೂಗಳ ಹೆಸರುಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರವನ್ನು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರಲ್ಲಿ ಕಾಣಬಹುದು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಥಾಮಸ್ ನ್ಯಾಶ್‌ನ ವಸಂತದ ಹಾಡನ್ನು ಕನ್ನಡಕ್ಕೆ ತಂದಾಗ, ಅಲ್ಲಿನ ಹಕ್ಕಿಗಳ ಕೂಗನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡರು. ಕನ್ನಡದ ಮಕ್ಕಳು ಅರ್ಥ ಕೇಳದೆ ಅದನ್ನು ಹಾಡಿ ಸಂತೋಷಪಟ್ಟರು. ಹೂಗಳ ಹೆಸರುಗಳನ್ನೂ ಹಾಗೆಯೇ ಉಳಿಸಿಕೊಳ್ಳಬಹುದು; ಕ್ರೋಕಸ್ ಚಳಿ ಮುಗಿಯುವ ಹೊತ್ತಿಗೆ ಅರಳುವ ಒಂದು ಪುಟ್ಟ ಹೂ ಎಂದಷ್ಟು ತಿಳಿದರೆ ಓದು ಮುಂದೆ ಸಾಗುತ್ತದೆ. ಅಧ್ಯಾಪಕರು ತಮ್ಮ ಹೊತ್ತನ್ನು ಆದರೂ, ಪಾಪ, ಅಂತೂ ಎಂಬಂಥ ಭಾವಗಳನ್ನು ಹೊತ್ತ ಸಣ್ಣ ಸಣ್ಣ ಇಂಗ್ಲಿಷ್ ಮಾತುಗಳಿಗೆ ಮೀಸಲಿಡಬೇಕು, ಏಕೆಂದರೆ ದನಿ ತಿರುಗುವುದು ಅಲ್ಲಿಯೇ.

ಅಮೆರಿಕದ ವಿಮರ್ಶಕಿ ಲೂಯಿಸ್ ರೋಸೆನ್‌ಬ್ಲಾಟ್ ಓದಿನಲ್ಲಿ ಎರಡು ಬಗೆಗಳನ್ನು ಗುರುತಿಸಿದರು: ಮಾಹಿತಿಯನ್ನು ಹೊತ್ತೊಯ್ಯುವುದಕ್ಕಾಗಿ ಓದುವುದು ಒಂದು, ಓದುತ್ತಿರುವಾಗಿನ ಅನುಭವಕ್ಕಾಗಿಯೇ ಓದುವುದು ಇನ್ನೊಂದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ, ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ರಸ ಮತ್ತು ಸಹೃದಯ ಎಂಬ ಕಲ್ಪನೆಗಳನ್ನು ಕನ್ನಡಿಗರಿಗೆ ತಿಳಿಯಾಗಿ ವಿವರಿಸಿದ ತೀ.ನಂ. ಶ್ರೀಕಂಠಯ್ಯನವರ ಓದುಗರಿಗೆ ಎರಡನೆಯದು ಅಪರಿಚಿತವಲ್ಲ. ಅವರು ಸ್ವತಃ ‘ನಂಟರು’ ಎಂಬ ಪ್ರಬಂಧ ಸಂಕಲನದ ಕರ್ತೃವೂ ಹೌದು. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಆರಂಭವಾಗಿದ್ದರೂ ಹತ್ತನೆಯ ತರಗತಿಯವರೆಗೆ ಮಗು ಮಾಡುವ ಓದು ಬಹುಪಾಲು ಮೊದಲನೆಯ ಬಗೆಯದೇ. ಗೈಡಿನ ಪ್ರಶ್ನೋತ್ತರವನ್ನು ಉರುಹೊಡೆದು ಬಂದ ಕಣ್ಣು ಪ್ರಬಂಧದಲ್ಲೂ ಉತ್ತರದ ವಾಕ್ಯವನ್ನೇ ಅರಸುತ್ತದೆ.

ಆದಕಾರಣ ಮೊದಲ ಓದಿನಲ್ಲಿ ಮಕ್ಕಳು ಪುಸ್ತಕ ಮುಚ್ಚಿಟ್ಟು ಕೇಳುವುದು, ಅಧ್ಯಾಪಕರು ಮಾತನಾಡುವ ಧಾಟಿಯಲ್ಲಿ ಇಡೀ ಪ್ರಬಂಧವನ್ನು ನಡುವೆ ನಿಲ್ಲಿಸದೆ ಓದುವುದು ಲೇಸು. ಈ ಮನುಷ್ಯ ನಿಜವಾಗಿಯೂ ಸಿಟ್ಟಾಗಿದ್ದಾನೆಯೇ ಎಂಬ ಒಂದೇ ಪ್ರಶ್ನೆಯನ್ನು ಕೇಳಿ, ಕನ್ನಡದಲ್ಲಿ ಬರುವ ಉತ್ತರಗಳನ್ನೂ ಸ್ವೀಕರಿಸಿ, ಪ್ರತಿಯೊಬ್ಬರೂ ತಮ್ಮ ಉತ್ತರಕ್ಕೆ ಆಧಾರವಾದ ವಾಕ್ಯವನ್ನು ಪಠ್ಯದಲ್ಲಿ ತೋರಿಸುವಂತೆ ಮಾಡಿದರೆ ಎರಡನೆಯ ಓದು ತಾನಾಗಿ ನಡೆಯುತ್ತದೆ. ಕೊನೆಗೆ ಹಿತ್ತಿಲಿನ ಒಂದು ಗಿಡವನ್ನು ಕುರಿತು ಅರ್ಧ ಪುಟ ಇಂಗ್ಲಿಷಿನಲ್ಲಿ ಬರೆಸುವಾಗ ದೊಡ್ಡಪತ್ರೆ, ಹೊಂಬಾಳೆ, ಅಟ್ಟ ಎಂಬ ಮಾತುಗಳು ಹಾಗೆಯೇ ನುಸುಳಿದರೆ ಕೆಂಪು ಶಾಯಿ ಹಚ್ಚಬಾರದು; ಡ್ಯಾಫೊಡಿಲ್‌ಗೆ ಇಲ್ಲಿನ ತರಗತಿಯಲ್ಲಿ ಕೊಟ್ಟ ಜಾಗ ಅವಕ್ಕೂ ಸಲ್ಲಬೇಕು.

ಪರೀಕ್ಷೆಯ ಪ್ರಶ್ನೆ ಬದಲಾಗದಿದ್ದರೆ ಇದಾವುದೂ ಹೆಚ್ಚು ಕಾಲ ನಿಲ್ಲುವುದಿಲ್ಲ. ಲೇಖಕನು ಯಾವ ತಿಂಗಳಲ್ಲಿ ಯಾವ ಗಿಡ ನೆಟ್ಟನೆಂದು ಕೇಳುವ ಬದಲು, ಅವನ ದೂರು ಯಾವ ವಾಕ್ಯದಲ್ಲಿ ಅಕ್ಕರೆಯಾಗಿ ತಿರುಗಿತು, ಅದನ್ನು ತೋರಿಸಿಕೊಡುವ ಮಾತು ಯಾವುದು ಎಂದು ಕೇಳಬಹುದು. ಆಗ ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ಎರಡು ಬೇರೆ ವಾಕ್ಯಗಳನ್ನು ತೋರಿಸಿ, ತಮ್ಮ ತಮ್ಮ ಕಾರಣ ಕೊಟ್ಟಿದ್ದರೆ, ಮೌಲ್ಯಮಾಪಕರು ಇಬ್ಬರಿಗೂ ಪೂರ್ಣ ಅಂಕ ಕೊಡಲು ಮಾದರಿ ಉತ್ತರಪತ್ರಿಕೆಯಲ್ಲಿ ಅವಕಾಶವಿರಬೇಕು.