ಕೇಳದೆ ಹೇಳಿದ ಕಥೆ

ವಾಡಿ, ಸೇಡಂ, ತಾಂಡೂರಿನ ಮೇಲೆ ಹೈದರಾಬಾದಿಗೆ ಬರುವ ರೈಲುದಾರಿ ಬಹಳ ಹಳೆಯದು. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದಿತು. ಅಂದಿನಿಂದಲೂ ನಮ್ಮ ಕಡೆಯವರು ಮಳೆ ಕೈಕೊಟ್ಟಾಗ, ಸಾಲ ಮೈಮೇಲೆ ಬಂದಾಗ ಈ ದಾರಿಯ ಗಾಡಿಯನ್ನೇ ಹತ್ತಿದ್ದಾರೆ. 1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟವು. ಹೊಟ್ಟೆಪಾಡಿನ ದಾರಿ ಮಾತ್ರ ಅದೇ ಉಳಿಯಿತು. ನಾಂಪಲ್ಲಿ ನಿಲ್ದಾಣದಲ್ಲಿ ಇಳಿದವರಲ್ಲಿ ಒಳ್ಳೆಯ ಕೂಲಿ ಸಿಕ್ಕವರು ಬಸ್ತಿಗಳಲ್ಲಿ ಕೋಣೆ ಹಿಡಿದರು. ಸಿಕ್ಕ ಕೂಲಿಯಲ್ಲಿ ಬಾಡಿಗೆ ಕಟ್ಟಲಾಗದವರು, ಮನೆಯವರ ಹೊಡೆತ ತಾಳದೆ ಬಂದವರು, ಮಗುವಿನ ಔಷಧಕ್ಕೆಂದು ಬಂದು ಕೈಯಲ್ಲಿದ್ದುದೆಲ್ಲ ಖಾಲಿಯಾದವರು ಅಲ್ಲೇ ಸುತ್ತಮುತ್ತಲ ಫುಟ್‌ಪಾತಿನಲ್ಲಿ ಉಳಿದರು. ಹತ್ತಿರದಲ್ಲೇ ಯೂಸುಫೈನ್ ದರ್ಗಾ ಇದೆ. ಅಲ್ಲಿ ಹಿಂದೂ ಮುಸ್ಲಿಂ ಅನ್ನದೆ ಎಲ್ಲರೂ ಬರುತ್ತಾರೆ, ಹರಕೆ ಹೊತ್ತವರು ಊಟ ಹಂಚುತ್ತಾರೆ. ಹಸಿದವರಿಗೆ ಆ ಜಾಗ ಬಿಟ್ಟು ಹೋಗಲು ಕಾರಣವಿಲ್ಲ.

ಬೀದರ್ ಜಿಲ್ಲೆಯ ಮೆಥೋಡಿಸ್ಟ್ ಮನೆಯಲ್ಲಿ ಹುಟ್ಟಿದವನು ನಾನು. ನಮ್ಮಲ್ಲಿ ದೇವರ ಆರಾಧನೆ ಎಂದರೆ ಹಾರ್ಮೋನಿಯಂ, ಢೋಲಕ್, ತಾಳ, ರಾತ್ರಿಯಿಡೀ ಭಜನೆ. ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ನವೆಂಬರ್‌ನಲ್ಲಿ ಮೆಥೋಡಿಸ್ಟರ ಜಾತ್ರೆ ನಡೆಯುತ್ತದೆ. ಚಿಕ್ಕವನಾಗಿದ್ದಾಗ ಅಪ್ಪ ಅವ್ವನ ಜೊತೆ ಅಲ್ಲಿಗೆ ಹೋಗಿ ಬಯಲಿನಲ್ಲಿ ಚಾಪೆ ಹಾಸಿ ಮಲಗಿದ್ದೇನೆ. ಕನ್ನಡ, ತೆಲುಗು ಎರಡೂ ಹಾಡು ಒಂದೇ ಬಯಲಿನಲ್ಲಿ ಕೇಳಿಬರುತ್ತಿದ್ದವು. ಹೈದರಾಬಾದಿನಲ್ಲಿ ನೌಕರಿಗೆ ಸೇರಿದ ಮೇಲೆ ನಾಂಪಲ್ಲಿಯ ಫುಟ್‌ಪಾತಿನಲ್ಲಿ ಕಲಬುರಗಿಯ ಮಾತು ಕಿವಿಗೆ ಬಿದ್ದಾಗ ಸುಮ್ಮನೆ ದಾಟಿಹೋಗಲು ಆಗಲಿಲ್ಲ. ನಾವು ಕೆಲವರು ಗೆಳೆಯರು ಸೇರಿ ಶನಿವಾರ ರಾತ್ರಿ, ಅಂಗಡಿಗಳ ಶಟರ್ ಇಳಿದ ಮೇಲೆ, ಒಂದು ಕಟ್ಟೆಯ ಮೇಲೆ ಹಾಡಲು ಕೂತೆವು.

ಒಂದು ಕಟ್ಟುಪಾಡು ಮೊದಲೇ ಮಾಡಿಕೊಂಡಿದ್ದೆವು. ಅನ್ನ ಮೊದಲು, ಹಾಡು ಆಮೇಲೆ. ಉಂಡು ಎದ್ದುಹೋಗುವವರು ಹೋಗಬಹುದು. ತುತ್ತಿಗಾಗಿ ಯಾರೂ ಪ್ರಾರ್ಥನೆಗೆ ಕೂರಬಾರದು ಎಂಬುದು ಅದರ ಉದ್ದೇಶ. ಇಷ್ಟು ಎಚ್ಚರ ವಹಿಸಿದ್ದೇವೆ, ನಮ್ಮಿಂದ ಇವರಿಗೆ ಅನ್ಯಾಯವಾಗದು ಎಂದು ನಾನು ನಂಬಿದ್ದೆ. ಆ ನಂಬಿಕೆಯೇ ಮುಂದೆ ನನ್ನ ಕಣ್ಣು ಕಟ್ಟಿತು.

ಉಂಡ ಮೇಲೂ ಬಹಳ ಜನ ಕೂರುತ್ತಿದ್ದರು. ಬೆಳಗಾದರೆ ಅಡ್ಡಾದಲ್ಲಿ ಕೂಲಿಗೆ ನಿಲ್ಲುವವರು, ಚಿಂದಿ ಆಯುವ ಹುಡುಗರು, ಮದುವೆ ಸೀಜನ್ನಿನಲ್ಲಿ ಫಂಕ್ಷನ್ ಹಾಲುಗಳಲ್ಲಿ ಭಾಂಡೆ ತೊಳೆಯುವ ಹೆಂಗಸರು. ಕ್ರಿಸ್ಮಸ್ ಹತ್ತಿರ ಬಂದಾಗ ನಾಟಕ ಆಡೋಣ ಎಂದೆ. ತುಂಬು ಬಸುರಿ ಮರಿಯಳಿಗೆ ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಸಿಗದೆ, ಹುಟ್ಟಿದ ಕೂಸನ್ನು ಗೋದಲಿಯಲ್ಲಿ ಮಲಗಿಸಿದ ಕಥೆ. ಚರ್ಚಿನಲ್ಲಿ ಇದನ್ನು ವರ್ಷವರ್ಷವೂ ನೋಡಿ ಬೆಳೆದವನಿಗೆ ಇಲ್ಲಿ ಅದು ಹೊಸದಾಗಿ ಕಂಡಿತು. ಛತ್ರದವನ ಪಾತ್ರ ಮಾಡಿದ ಅಡ್ಡಾ ಕೂಲಿಯವನು ನಾನು ಬರೆದುಕೊಟ್ಟ ಮಾತು ಆಡಲಿಲ್ಲ. ಆಧಾರ್ ಕಾರ್ಡ್ ಇದೆಯಾ, ಎಷ್ಟು ಮಂದಿ, ಅಡ್ವಾನ್ಸ್ ಎಷ್ಟು ಕೊಡುತ್ತೀರಿ ಎಂದು ಕೇಳಿದ. ಮರಿಯಳ ಗಂಡ ಯೋಸೇಫನಾಗಿದ್ದ ಹುಡುಗನಿಗೆ ಉತ್ತರವೇ ಹೊರಡಲಿಲ್ಲ, ತಲೆ ತಗ್ಗಿಸಿ ಹಿಂದಕ್ಕೆ ಬಂದ. ಕೂತವರೆಲ್ಲ ಸುಮ್ಮನಾದರು. ಆ ಪ್ರಶ್ನೆಗಳನ್ನು ಕೇಳಿಸಿಕೊಳ್ಳದವರು ಅಲ್ಲಿ ಯಾರೂ ಇರಲಿಲ್ಲ.

ಮರಿಯಳ ಪಾತ್ರ ವಹಿಸಿದ್ದು ಕಲಬುರಗಿ ಕಡೆಯ ಒಬ್ಬ ಹೆಣ್ಣುಮಗಳು. ಒಂದು ರಾತ್ರಿ ತಾಲೀಮಿನ ನಡುವೆ ಆಕೆ ಗೋದಲಿಯ ಮುಂದೆ ಕೂತವಳು ಮಾತು ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ ತನ್ನ ಹೆರಿಗೆಯ ರಾತ್ರಿಯ ಬಗ್ಗೆ ಹೇಳತೊಡಗಿದಳು. ಏನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದ ಹೆಂಗಸರು ಹತ್ತಿರ ಸರಿದು ಕೂತರು, ಒಬ್ಬಾಕೆ ಬೆನ್ನು ಸವರಿದಳು. ನಾನು ಮನೆಗೆ ಹೋಗಿ ಕೇಳಿದ್ದೆಲ್ಲವನ್ನೂ ಬರೆದುಕೊಂಡೆ.

ಆಮೇಲೆ ಮಾಡಿದ್ದನ್ನು ಒಂದೊಂದಾಗಿ ಹೇಳಬೇಕು. ಆಕೆಯ ಮಾತನ್ನು ನಾಟಕದೊಳಗೆ ಸೇರಿಸಿದೆ. ನಮ್ಮ ಕೆಲಸಕ್ಕೆ ಹಣದ ನೆರವು ಬೇಕಿತ್ತು. ನಗರದ ಒಂದು ಸಭಾಂಗಣದಲ್ಲಿ ಉಳ್ಳವರ ಮುಂದೆ ಅದನ್ನು ಆಡಿಸಿದೆ. ಆಕೆಗೆ ಅಂದು ಕೆಲಸವಿತ್ತು, ಬರಲಿಲ್ಲ. ಚರ್ಚಿನ ಒಬ್ಬ ಹುಡುಗಿ ಆ ಪಾತ್ರ ಮಾಡಿದಳು. ಕೊನೆಯಲ್ಲಿ ಪರದೆಯ ಮೇಲೆ ಫುಟ್‌ಪಾತಿನ ಫೋಟೋಗಳನ್ನು ತೋರಿಸಿದೆವು. ಆಕೆಯ ಫೋಟೋ ಬಂದಾಗ, ಈಗ ನೀವು ನೋಡಿದ್ದು ಇವರ ಬದುಕು ಎಂದು ಮೈಕಿನಲ್ಲಿ ಹೇಳಿದವನು ನಾನೇ. ಜನ ಕಣ್ಣೀರು ಹಾಕಿದರು. ಕಂಬಳಿ ಕೊಟ್ಟರು, ಹಣ ಕೊಟ್ಟರು. ಯಾರೋ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ವಾಟ್ಸ್ಆ್ಯಪಿನಲ್ಲಿ ಹಾಕಿದರು. ದೇವರು ಈ ಕೆಲಸವನ್ನು ಆಶೀರ್ವದಿಸಿದ ಎಂದು ಅಂದು ರಾತ್ರಿ ಪ್ರಾರ್ಥಿಸಿದ್ದೆ.

ಆ ವಿಡಿಯೋ ಆಕೆಯ ಊರು ಮುಟ್ಟಿತು. ಹೈದರಾಬಾದಿನಲ್ಲಿ ಬಂಗಲೆಯೊಂದರಲ್ಲಿ ಕೆಲಸಕ್ಕಿದ್ದೇನೆ, ಅಲ್ಲೇ ಒಂದು ಕೋಣೆ ಕೊಟ್ಟಿದ್ದಾರೆ ಎಂದು ಆಕೆ ತವರಿಗೆ ಹೇಳಿಕೊಂಡಿದ್ದಳು. ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ ಮಗಳಿಗೆ ಹಣ ಕಳಿಸುತ್ತಿದ್ದಳು. ಆ ಮಗಳು ಶಾಲೆಯಲ್ಲಿ ಓರಗೆಯವರ ಮೊಬೈಲಿನಲ್ಲಿ ತಾಯಿಯನ್ನು ನೋಡಿದಳು.

ಆಕೆ ಮುಂದಿನ ಶನಿವಾರ ಬಂದಳು. ಅನ್ನ ತೆಗೆದುಕೊಳ್ಳಲಿಲ್ಲ. ಕೂಗಾಡಲೂ ಇಲ್ಲ. “ಅಣ್ಣಾರೆ, ನಾ ಇಲ್ಲಿ ಉಣ್ಣೋದು ಮಂದಿ ನೋಡ್ತಾರ, ಮಲ್ಕೊಳ್ಳೋದು ನೋಡ್ತಾರ, ಮೈ ತೊಳ್ಕೊಳ್ಳೋದೂ ನೋಡ್ತಾರ. ಯಾರೂ ನೋಡ್ಲಾರದ್ದು ಅಂತ ನನ್ನ ಬಲ್ಲಿ ಅದೊಂದೇ ಇತ್ರಿ,” ಎಂದಳು. ಗಂಟು ಎತ್ತಿಕೊಂಡು ಹೋದಳು. ಕಾಚಿಗುಡ, ಸಿಕಂದರಾಬಾದ್ ನಿಲ್ದಾಣಗಳ ಸುತ್ತ, ಉಸ್ಮಾನಿಯಾ ಆಸ್ಪತ್ರೆಯ ಹೊರಗೆ ರೋಗಿಗಳ ಕಡೆಯವರು ಮಲಗುವ ಜಾಗದಲ್ಲಿ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಕ್ಷಮೆ ಕೇಳಿ ನನ್ನ ಭಾರ ಇಳಿಸಿಕೊಳ್ಳುತ್ತಿದ್ದೆ. ಆಕೆಯ ಮಗಳ ಕಣ್ಣಿಗೆ ಬಿದ್ದದ್ದನ್ನು ಅದು ಅಳಿಸುತ್ತಿರಲಿಲ್ಲ.

ಬಹಳ ದಿನ ನನ್ನೊಳಗೆ ಒಂದು ಸಮಜಾಯಿಷಿ ಇತ್ತು. ನಾಟಕಕ್ಕೆ ಸೇರಿಸಿಕೊಳ್ಳಲೇ ಎಂದು ಆಕೆಯನ್ನು ಕೇಳಿದ್ದೆ, ಆಕೆ ತಲೆಯಾಡಿಸಿದ್ದಳು. ಆದರೆ ಕೇಳಿದಾಗ ನನ್ನ ಕೈಯಲ್ಲಿ ಏನಿತ್ತು? ಸಾರಿನ ಸೌಟು. ವಾರವಾರ ಅನ್ನ ಬಡಿಸುವವನಿಗೆ, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವನಿಗೆ, ಪೊಲೀಸರು ಎಬ್ಬಿಸಿದಾಗ ನಾಲ್ಕು ಮಾತಾಡುವವನಿಗೆ ಫುಟ್‌ಪಾತಿನವಳು ಹೇಗೆ ಇಲ್ಲ ಎಂದಾಳು? ಅನ್ನಕ್ಕೆ ಪ್ರಾರ್ಥನೆಯ ಷರತ್ತು ಹಾಕಬಾರದೆಂದು ಅಷ್ಟು ಯೋಚಿಸಿದವನು, ಅದೇ ಅನ್ನ ಆಕೆಯ ಬಾಯಿಯಿಂದ ಹೂಂ ಅನ್ನಿಸಬಲ್ಲದು ಎಂದು ಯೋಚಿಸಲಿಲ್ಲ. ಮೇಲಾಗಿ ನಾನು ಕೇಳಿದ್ದು ನಾಟಕಕ್ಕೆ ಮಾತ್ರ. ಸಭಾಂಗಣ, ಪರದೆ, ಮೈಕು ಇವುಗಳ ಮಾತೇ ಎತ್ತಿರಲಿಲ್ಲ.

ಈ ನಗರದ ಬೀದಿಯ ಜನ ಕ್ಯಾಮೆರಾಕ್ಕೆ ಅಂಜಲು ಬೇರೆ ಕಾರಣವೂ ಇದೆ. ಅದನ್ನು ನಾನು ಮರೆಯಬಾರದಿತ್ತು. 2017ರ ನವೆಂಬರ್‌ನಲ್ಲಿ ಜಾಗತಿಕ ಉದ್ಯಮಿಗಳ ಶೃಂಗಸಭೆಗೆ ಇವಾಂಕಾ ಟ್ರಂಪ್ ಬರುವ ಹೊತ್ತಿಗೆ ಹೈದರಾಬಾದಿನಲ್ಲಿ ಭಿಕ್ಷಾಟನೆ ನಿಷೇಧಿಸಿದರು. 1977ರ ಭಿಕ್ಷಾಟನೆ ತಡೆ ಕಾಯ್ದೆ ಮೊದಲೇ ಇತ್ತು. ಬೀದಿಯಲ್ಲಿದ್ದವರನ್ನು ಹಿಡಿದು ಚಂಚಲಗುಡ, ಚರ್ಲಪಲ್ಲಿ ಜೈಲುಗಳ ಆವರಣದ ಆಶ್ರಮಗಳಿಗೆ ಸಾಗಿಸಿದರು. ಭಿಕ್ಷುಕರ ಸುಳಿವು ಕೊಟ್ಟವರಿಗೆ 500 ರೂಪಾಯಿ ಬಹುಮಾನವನ್ನೂ ಸಾರಿದರು. ಇಂಥವಳು ಇಂಥಲ್ಲಿ ಇದ್ದಾಳೆ ಎಂದು ಬೆರಳು ತೋರುವುದಕ್ಕೆ ಬೆಲೆ ಕಟ್ಟಿದ ಊರು ಇದು. ಪರದೆಯ ಮೇಲೆ ನಾನು ಮಾಡಿದ್ದೂ ಬೆರಳು ತೋರುವ ಕೆಲಸವೇ. ಬೀದಿಯವರು ವಸತಿ ಕೇಂದ್ರಕ್ಕೆ ಹೋಗಬಹುದಿತ್ತಲ್ಲ ಎಂದು ಅಂದು ಸಭಾಂಗಣದಲ್ಲಿ ಒಬ್ಬರು ಕೇಳಿದ್ದರು. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ವಸತಿ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೆ ಇರುವ ಕೇಂದ್ರಗಳಲ್ಲಿ ಗಂಡಸರದು ಬೇರೆ, ಹೆಂಗಸರದು ಬೇರೆ. ಮಕ್ಕಳು ಮರಿ ಕಟ್ಟಿಕೊಂಡು ಸಂಸಾರ ಸಮೇತ ಇರುವ ಜಾಗ ಅಪರೂಪ.

ನನ್ನನ್ನು ಹೆಚ್ಚು ಕಾಡಿದ್ದು ಬೈಬಲ್ಲು. ಮಾರ್ಕನ ಸುವಾರ್ತೆಯನ್ನು ಎಷ್ಟೋ ಸಲ ಬೋಧಿಸಿದ್ದೇನೆ. ಅದರಲ್ಲಿ ಯೇಸು ಕುಷ್ಠರೋಗಿಯನ್ನು ಶುದ್ಧಮಾಡಿ, ಇದನ್ನು ಯಾರಿಗೂ ಹೇಳಬೇಡ ಎನ್ನುತ್ತಾನೆ. ಯಾಯೀರನೆಂಬವನ ಸತ್ತ ಮಗಳನ್ನು ಎಬ್ಬಿಸುವ ಮೊದಲು ಅಳುತ್ತಿದ್ದ ಜನರನ್ನೆಲ್ಲ ಹೊರಗೆ ಕಳಿಸುತ್ತಾನೆ, ಒಳಗೆ ತಂದೆತಾಯಿ ಮತ್ತು ಮೂವರು ಶಿಷ್ಯರು ಮಾತ್ರ. ಕಿವುಡನನ್ನು ಗುಂಪಿನಿಂದ ಆಚೆ ಕರೆದೊಯ್ಯುತ್ತಾನೆ. ಬೆತ್ಸಾಯಿದದ ಕುರುಡನನ್ನು ಕೈಹಿಡಿದು ಊರ ಹೊರಕ್ಕೆ ನಡೆಸುತ್ತಾನೆ. ತಾನು ಮೆಸ್ಸೀಯ ಎಂಬ ಗುಟ್ಟು ಕಾಯಲು ಹೀಗೆ ಮಾಡಿದ ಎಂದು ಪಂಡಿತರು ಹೇಳಿದ್ದನ್ನೇ ನಾನೂ ಹೇಳುತ್ತಿದ್ದೆ. ಈಗ ಓದಿದರೆ ಯಾಯೀರನ ಆ ಹನ್ನೆರಡು ವರ್ಷದ ಹುಡುಗಿ ಕಾಣುತ್ತಾಳೆ. ಕಣ್ಣು ಬಿಟ್ಟಾಗ ಅವಳ ಮುಂದೆ ಊರಿಗೆ ಊರೇ ನೆರೆದಿರಲಿಲ್ಲ. ಅವಳಿಗೆ ಊಟ ಕೊಡಿ ಎಂದು ಯೇಸು ಹೇಳುವುದೂ ಅಲ್ಲೇ. ಊಟ ಕೊಡುವುದನ್ನು ನಾನು ಕಲಿತಿದ್ದೆ. ಜನರನ್ನು ಹೊರಗೆ ಕಳಿಸುವುದನ್ನು ಕಲಿತಿರಲಿಲ್ಲ, ನೋಡುವವರನ್ನು ಒಳಗೆ ಕರೆತಂದಿದ್ದೆ.

ಹಾಗಾದರೆ ಬೀದಿಯವರ ನಡುವೆ ಕಲೆಯೇ ಬೇಡವೇ ಎಂದು ಗೆಳೆಯರೊಬ್ಬರು ಕೇಳಿದರು. ನನಗೆ ಹಾಗೆ ಅನ್ನಿಸಿಲ್ಲ. ಕಲೆ ಈ ಜನಕ್ಕೆ ನಾವು ಕೊಂಡೊಯ್ದು ಕೊಡುವ ವಸ್ತುವೂ ಅಲ್ಲ. ಬಳ್ಳಾರಿ ಸೀಮೆಯ ದರೋಜಿ ಈರಮ್ಮ ಅಲೆಮಾರಿ ಬುಡ್ಗ ಜಂಗಮರಲ್ಲಿ ಹುಟ್ಟಿದವರು. ಅಕ್ಷರ ಬಾರದ ಆಕೆ 2014ರಲ್ಲಿ ತೀರಿಕೊಳ್ಳುವವರೆಗೆ ಬುರ್ರಕಥೆಯ ದೊಡ್ಡ ಹೆಸರಾಗಿದ್ದರು. ಯಾವ ಕಥೆ ಎತ್ತಿಕೊಳ್ಳಬೇಕು, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಈರಮ್ಮನವರ ಕೈಯಲ್ಲಿತ್ತು. ನನ್ನ ನಾಟಕದಲ್ಲಿ ಅದು ನನ್ನ ಕೈಯಲ್ಲಿತ್ತು. ಛತ್ರದವನ ಪಾತ್ರದಲ್ಲಿ ಅಡ್ಡಾ ಕೂಲಿಯವನು ತನ್ನ ಮಾತನ್ನು ತಾನೇ ಹುಟ್ಟಿಸಿಕೊಂಡನಲ್ಲ, ಅಲ್ಲಿಗೇ ಆ ನಾಟಕ ಸರಿಯಾದ ದಾರಿಯಲ್ಲಿತ್ತು. ಅದನ್ನು ಅಲ್ಲೇ, ಅದೇ ಕಟ್ಟೆಯ ಮೇಲೆ, ಅವರವರ ನಡುವೆಯೇ ಬಿಡಬೇಕಿತ್ತು.

ಶನಿವಾರದ ಹಾಡು ಈಗಲೂ ಇದೆ. ಬಂದವರು ಕೆಲ ಕಾಲ ನನ್ನ ಜೊತೆ ಮಾತು ಕಡಿಮೆ ಮಾಡಿದ್ದರು, ಅದು ಸರಿಯೇ ಆಗಿತ್ತು. ಏನು ಹಾಡಬೇಕೆಂಬುದನ್ನು ಅವರೇ ಹೇಳುತ್ತಾರೆ. ಮುದುಕರೊಬ್ಬರು ಕಡಕೋಳ ಮಡಿವಾಳಪ್ಪನವರ ತತ್ವಪದ ಎತ್ತಿಕೊಂಡರೆ ನಮ್ಮ ಢೋಲಕ್ ಅವರ ಹಿಂದೆ ಹೋಗುತ್ತದೆ. ಮೊದಲಾದರೆ ಅದು ನಮ್ಮ ಹಾಡಲ್ಲ ಎಂದು ನಾನು ಕಾಯುತ್ತ ಕೂರುತ್ತಿದ್ದೆ. ನಾಟಕ ಆಡಿದರೆ ಹಳೆಯ ಕಥೆಗಳನ್ನು ಆಡುತ್ತೇವೆ. ಅದರೊಳಗೆ ಯಾರಾದರೂ ತಮ್ಮದನ್ನು ಬೆರೆಸಿದರೆ ನಾನು ಬರೆದುಕೊಳ್ಳುವುದಿಲ್ಲ. ಮೊಬೈಲುಗಳನ್ನು ಒಂದು ಚೀಲದಲ್ಲಿ ಹಾಕಿಡುತ್ತೇವೆ, ನೋಡಲು ಬರುವ ಅತಿಥಿಗಳನ್ನು ಕರೆಯುವುದಿಲ್ಲ. ಒಂದೆರಡು ಫೋಟೋ ಕಳಿಸಿ, ಕೊಡುವವರಿಗೆ ನಂಬಿಕೆ ಬರಬೇಕಲ್ಲ ಎಂದು ಕೇಳುವವರಿಗೆ ಅಕ್ಕಿ ಅಂಗಡಿಯ ರಸೀದಿ ಕಳಿಸುತ್ತೇವೆ. ಹೀಗಾಗಿ ಬರುವ ಹಣ ಬಹಳ ಕಡಿಮೆಯಾಗಿದೆ. ಕಂಬಳಿ ಮೊದಲಿನಷ್ಟು ಹಂಚಲು ಆಗುತ್ತಿಲ್ಲ, ಜನವರಿಯ ಚಳಿಯಲ್ಲಿ ಇದು ಸಣ್ಣ ನಷ್ಟವಲ್ಲ, ಆ ಲೆಕ್ಕ ನನ್ನ ಮನಸ್ಸಿನಲ್ಲಿ ಇನ್ನೂ ಬಗೆಹರಿದಿಲ್ಲ. ಅಕ್ಕಿ ಬೇಳೆಯ ಖರ್ಚನ್ನು ನಮ್ಮ ಗುಂಪಿನ ಮನೆಗಳೇ ತಿಂಗಳಿಗಿಷ್ಟು ಎಂದು ಹಂಚಿಕೊಂಡಿವೆ.